ಹಿಂಬಾಗಿಲಿಂದ ಬಂದ ಆಟಗಾರ

ಚಿಗರೆ ಬಿದ್ದಾಗ ಜನ ಚಪ್ಪಾಳೆ ತಟ್ಟಿದರು.

ತಮಾಷೆ ಎಂದುಕೊಂಡರು. ಪಂದ್ಯವೇನೂ ಇರಲಿಲ್ಲ. ಹೊಸದಾಗಿ ಕೊಂಡ ಆಟಗಾರನನ್ನು ಅಭಿಮಾನಿಗಳಿಗೆ ತೋರಿಸುವ ಕಾರ್ಯಕ್ರಮ ಅಷ್ಟೆ. ಗಣ್ಯರ ಸಾಲಿನಲ್ಲಿ ಕ್ಲಬ್ಬಿನವರ ನಡುವೆ ವಿದೇಶಿ ಅತಿಥಿಯೊಬ್ಬರೂ ಕುಳಿತಿದ್ದರು. ಹೊಸ ಜೆರ್ಸಿ ತೊಟ್ಟ ಹುಡುಗ ಚೆಂಡನ್ನು ತಲೆಯ ಮೇಲೆ ಕುಣಿಸಿದ, ಮೊಣಕಾಲ ಮೇಲೆ ಕುಣಿಸಿದ, ಆಮೇಲೆ ಒಂದು ಗೋಲಿನಿಂದ ಇನ್ನೊಂದು ಗೋಲಿಗೆ ಓಡಿದ. ಆ ಓಟಕ್ಕೇ ಅವನಿಗೆ ಚಿಗರೆ ಎಂಬ ಹೆಸರು. ಜನ ಕೂಗಿದಷ್ಟೂ ಓಡಿದ. ಕೊನೆಗೆ ಮೂಲೆಯ ಬಾವುಟದ ಹತ್ತಿರ ಮುಗ್ಗರಿಸಿ ಮುಖ ಅಡಿಯಾಗಿ ಬಿದ್ದ.

ಚಪ್ಪಾಳೆ ನಿಂತಿತು. ಅವನು ಏಳಲಿಲ್ಲ.

ಪತ್ರಕರ್ತರ ಸಾಲಿನಲ್ಲಿದ್ದ ಸೂಜಿಯ ಕೈಯಲ್ಲಿ ಕಾಫಿ ಲೋಟ ಹಾಗೇ ಉಳಿಯಿತು. ಸೂಜಿ ಎಂದರೆ ಕ್ರೀಡಾ ವರದಿಗಾರ್ತಿ. ಎಲ್ಲಿ ಚುಚ್ಚಬಾರದೋ ಸರಿಯಾಗಿ ಅಲ್ಲೇ ಚುಚ್ಚುತ್ತಾಳೆ ಎಂದು ಕಚೇರಿಯವರೇ ಇಟ್ಟ ಹೆಸರು.

ಮೈದಾನಕ್ಕೆ ಮೊದಲು ನುಗ್ಗಿದ್ದು ಕ್ಲಬ್ಬಿನ ಡಾಕ್ಟರು. ಅವಳು ಸೂಜಿಯ ಒಡಹುಟ್ಟಿದ ಅಕ್ಕ. ಹುಡುಗನನ್ನು ಅಂಗಾತ ಮಲಗಿಸಿ, ಜೆರ್ಸಿ ಕತ್ತರಿಸಿ, ಎದೆ ಒತ್ತತೊಡಗಿದಳು. ಅವಳ ಹಿಂದೆಯೇ ಗ್ಯಾಲರಿಯ ಕಂಬಿ ಹಾರಿ ಒಬ್ಬ ಗಡ್ಡದ ಯುವಕ ಎಡಗಾಲನ್ನು ತುಸು ಎಳೆಯುತ್ತಾ ಓಡಿಬಂದ. ಚಿಗರೆಯ ಅಣ್ಣ. ತಮ್ಮನ ಕರಾರು, ಪ್ರಯಾಣ, ಊಟ ಎಲ್ಲ ನೋಡಿಕೊಳ್ಳುವವನು. ತಮ್ಮನ ಓಟ ಶುರುವಾದಾಗಿನಿಂದಲೂ ಅವನು ಕಂಬಿಗೆ ಆತುಕೊಂಡು "ಸಾಕು ಕಣೋ! ಸಾಕು!" ಎಂದು ಕೂಗುತ್ತಿದ್ದ. ತಮ್ಮನ ಮೆರೆದಾಟ ನೋಡಿ ಹಿಗ್ಗಿದ್ದಾನೆ ಎಂದು ಸೂಜಿ ಒಳಗೊಳಗೇ ನಕ್ಕಿದ್ದಳು.

ಅಕ್ಕ ಎದೆ ಒತ್ತುತ್ತಲೇ ಇದ್ದಳು. ಎದೆಗೆ ಷಾಕ್ ಕೊಡುವ ಯಂತ್ರ ತಂದರು. ಆಂಬುಲೆನ್ಸ್ ಬಂತು. ಅಷ್ಟರಲ್ಲಿ ಎಲ್ಲ ಮುಗಿದಿತ್ತು.

* * *

ಇನ್‌ಸ್ಪೆಕ್ಟರ್ ಬಾಯಲ್ಲಿ ಸದಾ ಒಂದು ಪೆಪ್ಪರ್‌ಮಿಂಟ್ ಇರುತ್ತಿತ್ತು. ಸಿಗರೇಟು ಬಿಟ್ಟ ಮೇಲೆ ಹಿಡಿದ ಚಟ. ಅವರು ಮೊದಲು ಹಿಡಿದದ್ದು ತಂಡದ ನಾಯಕನನ್ನು.

ಕಾರಣ ಇಲ್ಲದಿರಲಿಲ್ಲ. ಚಿಗರೆ ಬಂದರೆ ನಾಯಕನ ಜಾಗಕ್ಕೆ ಕುತ್ತು ಎಂದು ಊರಿಗೆಲ್ಲ ಗೊತ್ತಿತ್ತು. ಬೀಳುವ ಸ್ವಲ್ಪ ಮುಂಚೆ ಚಿಗರೆಗೆ ನೀರಿನ ಬಾಟಲಿ ಕೊಟ್ಟವನೂ ಅವನೇ.

"ಹೊಟ್ಟೆಕಿಚ್ಚು ಇತ್ತು ಸಾರ್, ಸುಳ್ಳು ಯಾಕೆ ಹೇಳ್ಲಿ?" ಎಂದ ನಾಯಕ. "ಆದ್ರೆ ಬಾಯಾರಿದೆ ಅಂದ, ಕೊಟ್ಟೆ. ಅದೇ ಬಾಟಲೀಲಿ ನಾನೂ ಕುಡಿದಿದ್ದೆ."

ಮರಣೋತ್ತರ ಪರೀಕ್ಷೆ ಆ ಕಥೆ ಮುಗಿಸಿತು. ವಿಷವಿರಲಿಲ್ಲ. ಹುಡುಗನ ಹೃದಯದ ಗೋಡೆ ಇರಬೇಕಾದ್ದಕ್ಕಿಂತ ದಪ್ಪ. ಹುಟ್ಟಿನಿಂದ ಬಂದದ್ದು. ಜೋರಾಗಿ ಓಡಿದರೆ ಯಾವಾಗ ಬೇಕಾದರೂ ನಿಲ್ಲುವ ಹೃದಯ. ಸರಿಯಾಗಿ ಒಮ್ಮೆ ಸ್ಕ್ಯಾನ್ ಮಾಡಿದ್ದರೆ ಯಾವ ಡಾಕ್ಟರಿಗಾದರೂ ಕಾಣುತ್ತಿತ್ತು.

ಆಟಗಾರನನ್ನು ಕೊಳ್ಳುವ ಮುನ್ನ ಆ ಸ್ಕ್ಯಾನ್ ಮಾಡಿ, ಹೃದಯ ಗಟ್ಟಿಯಾಗಿದೆ ಎಂದು ಸಹಿ ಹಾಕಿದವಳು ಸೂಜಿಯ ಅಕ್ಕ.

* * *

ಅಕ್ಕನ ಮನೆಯ ಮುಂದೆ ಕ್ಯಾಮೆರಾದವರು ಜಮಾಯಿಸಿದ್ದರು. ಭಾವ ಹೊಸ ಕಾರು ಕೊಂಡದ್ದೇ ತಪ್ಪಾಗಿತ್ತು. ಲಂಚದ ಕಾರಂತೆ ಎಂದು ಜನ ಆಗಲೇ ಆಡಿಕೊಳ್ಳುತ್ತಿದ್ದರು. ಪಾಪದ ಭಾವ ಕಾರಿನ ಮೇಲೆ ಹಳೇ ಬೆಡ್‌ಶೀಟು ಹೊದಿಸಿ ಒಳಗೆ ಕುಳಿತಿದ್ದರು.

ಅಕ್ಕ ಅಡುಗೆಮನೆಯಲ್ಲಿದ್ದಳು. ಮುಂದೆ ತಣ್ಣಗಾದ ಚಹಾ.

"ನಾಳೆ ನನ್ನ ಅರೆಸ್ಟ್ ಮಾಡ್ತಾರಂತೆ ಕಣೇ."

"ಮಾಡ್ಲಿ ನೋಡೋಣ. ನೀನು ಮೊದಲು ಹೇಳು. ಅವತ್ತು ಏನ್ ನೋಡ್ದೆ?"

"ಎಲ್ಲಾ ನೋಡ್ದೆ. ಟ್ರೆಡ್‌ಮಿಲ್ ಮೇಲೆ ಓಡಿಸ್ದೆ. ಸ್ಕ್ಯಾನ್ ಮಾಡ್ದೆ. ಎಷ್ಟು ಚೆನ್ನಾಗಿತ್ತು ಗೊತ್ತಾ? ಈ ಹೃದಯ ಇನ್ನೂ ಅರವತ್ತು ವರ್ಷ ಓಡುತ್ತೆ ಕಣಪ್ಪಾ ಅಂತ ತಮಾಷೆ ಬೇರೆ ಮಾಡ್ದೆ." ಅಕ್ಕ ಚಹಾ ಲೋಟವನ್ನು ಪಕ್ಕಕ್ಕೆ ತಳ್ಳಿದಳು. "ನನ್ನ ಕಣ್ಣೇ ಕೆಟ್ಟಿದ್ಯೋ, ಬುದ್ಧಿನೇ ಕೆಟ್ಟಿದ್ಯೋ. ಒಂದು ಜೀವ ಹೋಯ್ತಲ್ಲೇ ನನ್ನ ಕೈಯಲ್ಲಿ."

ಚಿಕ್ಕಂದಿನಲ್ಲಿ ಸೂಜಿ ಮರದಿಂದ ಬಿದ್ದಾಗಲೂ ಅಳದೆ ಗಾಯ ಕಟ್ಟಿದ್ದ ಅಕ್ಕ ಇವಳು. ಇವಳು ಹೀಗೆ ಕುಸಿದದ್ದನ್ನು ಸೂಜಿ ಕಂಡೇ ಇರಲಿಲ್ಲ.

"ಬೇರೆ ಏನೂ ತೊಂದರೆ ಇರ್ಲಿಲ್ವಾ ಅವನಿಗೆ?"

"ಎಡಗಾಲಲ್ಲಿ ಒಂದು ಹಳೇ ಮುರಿತ. ಮೊಣಕಾಲ ಕೆಳಗೆ ಮೂಳೆ ಕೂಡಿದ ಜಾಗ ಗಂಟು ಕಟ್ಟಿತ್ತು, ಕೈಗೆ ಸಿಗೋ ಹಾಗೆ. ಬರೆದಿದ್ದೆ. ಅದರಿಂದ ಆಟಕ್ಕೇನೂ ತೊಂದರೆ ಇಲ್ಲ ಅಂದ್ರು ತಕ್ಕಡಿ. ಅವರೇ ಪಕ್ಕದಲ್ಲಿ ನಿಂತಿದ್ರು, ಪರೀಕ್ಷೆ ಮುಗಿಯೋವರೆಗೂ."

* * *

ತಕ್ಕಡಿ ಎಂದರೆ ಕ್ಲಬ್ಬಿಗೆ ಆಟಗಾರರನ್ನು ಆರಿಸುವ ಮುಖ್ಯಸ್ಥ. ಎಲ್ಲವನ್ನೂ ತೂಗಿ ನೋಡುವವನು. ಅವನ ದಾರಿ ಸರಳ: ಬೇರೆಯವರು ಬೇಡವೆಂದು ಬಿಟ್ಟವರನ್ನು ಅಗ್ಗಕ್ಕೆ ತಂದು, ನಾಲ್ಕು ದಿನ ಮಿಂಚಿಸಿ, ದುಬಾರಿಗೆ ಮಾರುವುದು. ಈಚೆಗೆ ಅವನು ತಂದವರು ಒಬ್ಬರೂ ಮಿಂಚಿರಲಿಲ್ಲ. ಇದೇ ಕೊನೆಯ ಅವಕಾಶ ಎಂದು ಕ್ಲಬ್ಬಿನ ಮಾಲೀಕರು ಹೇಳಿದ್ದರು ಎಂಬ ಗುಸುಗುಸು ಸೂಜಿಯ ಕಿವಿಗೂ ಬಿದ್ದಿತ್ತು.

ಅವನ ಕೋಣೆಯ ಗೋಡೆ ತುಂಬ ಆಟಗಾರರ ಫೋಟೋ. ಸೂಜಿ ಹೋದಾಗ ಅವನ ಕಣ್ಣು ಕೆಂಪಾಗಿತ್ತು.

"ನಿಮ್ಮ ಅಕ್ಕ ಹೀಗೆ ಮಾಡ್ತಾರೆ ಅಂದ್ಕೊಂಡಿರ್ಲಿಲ್ಲ," ಎಂದ.

"ಚಿಗರೆಯನ್ನ ಪರೀಕ್ಷೆಗೆ ಹಿಂಬಾಗಿಲಿಂದ ಯಾಕೆ ತಂದ್ರಿ?"

"ನಿಮ್ಮಂಥವರು ಮುಂಬಾಗಿಲಲ್ಲಿ ಇರ್ತೀರಲ್ಲಮ್ಮ! ಒಂದು ಫೋಟೋ ಹೊರಗೆ ಬಂದ್ರೆ ಬೇರೆ ಕ್ಲಬ್ಬಿನವರು ಹಾರಿಸ್ಕೊಂಡು ಹೋಗ್ತಾರೆ. ಯಾವ ಹೊಸ ಆಟಗಾರನೇ ಬರ್ಲಿ, ಟೋಪಿ ಹಾಕಿ ಹಿಂಬಾಗಿಲಿಂದಲೇ ಕರ್ಕೊಂಡು ಬರೋದು."

ಅದು ನಿಜ. ಅವತ್ತು ಮುಂಬಾಗಿಲಲ್ಲಿ ಕಾಲು ನೋಯುವವರೆಗೆ ಕಾದವರಲ್ಲಿ ಸೂಜಿಯೂ ಒಬ್ಬಳು.

"ಅವನನ್ನ ಎಷ್ಟು ಕಾಲದಿಂದ ನೋಡ್ತಿದ್ರಿ?"

"ಒಂದು ವರ್ಷದಿಂದ. ಎಲ್ಲರೂ ಚೆಂಡು ನೋಡ್ತಾರೆ, ನಾನು ಆಟಗಾರನ ನಡಿಗೆ ನೋಡ್ತೀನಿ. ಮುಖ ಮುಚ್ಚಿಕೊಂಡು ನನ್ನ ಮುಂದೆ ನಡೀಲಿ, ಯಾರು ಅಂತ ಹೇಳ್ತೀನಿ." ದುಃಖದ ನಡುವೆಯೂ ಅವನ ಎದೆ ಉಬ್ಬಿತು.

ಹೊರಗೆ ಬಂದವಳೇ ಸೂಜಿ ಚಿಗರೆಯ ಹಳೇ ಕ್ಲಬ್ಬಿನ ತರಬೇತುದಾರರಿಗೆ ಫೋನ್ ಮಾಡಿದಳು. ಅಂಥ ಓಟಗಾರನನ್ನು ಕರಾರು ಮುಂದುವರಿಸದೆ ಯಾಕೆ ಬಿಟ್ಟಿರಿ ಎಂದು ಕೇಳಿದಳು.

"ಕಾರಣ ಫೋನಲ್ಲಿ ಹೇಳೋ ಹಾಗಿಲ್ಲಮ್ಮ," ಎಂದರು ಆ ಹಿರಿಯರು. "ನಿಮ್ಮೂರ ಕ್ಲಬ್ಬಿನವರು ಬಂದು ಒಂದು ಮಾತು ಕೇಳಿದ್ರೆ ಹೇಳ್ತಿದ್ವಿ. ಯಾರೂ ಕೇಳಲೇ ಇಲ್ಲ."

ಸೂಜಿ ಫುಟ್‌ಪಾತಿನ ಮೇಲೆಯೇ ನಿಂತುಬಿಟ್ಟಳು. ಆಟಗಾರ ಬೆಳಿಗ್ಗೆ ಏನು ತಿನ್ನುತ್ತಾನೆ ಎಂಬುದನ್ನೂ ವಿಚಾರಿಸುವ ತಕ್ಕಡಿ, ಇಂಥವನನ್ನು ಯಾಕೆ ಬಿಟ್ಟರು ಎಂದು ಕೇಳಲಿಲ್ಲವಂತೆ. ಉತ್ತರ ಗೊತ್ತಿಲ್ಲದವನು ಕೇಳದೆ ಇರುತ್ತಾನೆಯೇ?

ಮತ್ತೊಂದು ಫೋನ್, ಇನ್‌ಸ್ಪೆಕ್ಟರಿಗೆ.

"ಸಾರ್, ಹುಡುಗನ ಎಡಗಾಲಲ್ಲಿ ಹಳೇ ಮುರಿತ ಇದೆಯಾ?"

"ಸತ್ತದ್ದು ಹೃದಯದಿಂದ ಕಣಮ್ಮ. ಕಾಲು ಯಾಕೆ?"

"ಒಂದು ಎಕ್ಸ್-ರೇ ತೆಗೆಸಿ ಸಾರ್. ನಿಮ್ಮ ದಮ್ಮಯ್ಯ. ಅಕ್ಕನ್ನ ಆಮೇಲೆ ಅರೆಸ್ಟ್ ಮಾಡೀರಂತೆ."

ಒಂದು ಗಂಟೆ ಕಳೆದು ಅವರೇ ಫೋನ್ ಮಾಡಿದರು. ಈ ಸಲ ಪೆಪ್ಪರ್‌ಮಿಂಟ್ ಚೀಪುವ ಸದ್ದಿರಲಿಲ್ಲ.

"ಎರಡೂ ಕಾಲು ನೋಡಿದ್ರು. ಆ ಹುಡುಗನ ಮೂಳೆ ಯಾವತ್ತೂ ಮುರಿದೇ ಇಲ್ಲ."

ಅಕ್ಕನ ಕಣ್ಣು ಕೆಟ್ಟಿರಲಿಲ್ಲ. ಅವಳು ನೋಡಿದ್ದು ಗಟ್ಟಿ ಹೃದಯವನ್ನೇ. ಆದರೆ ಅದು ಚಿಗರೆಯದಲ್ಲ.

ಸೂಜಿ ಅಕ್ಕನನ್ನು ಕೇಳಿದಳು. "ಅವತ್ತು ಬಂದವನ ಮುಖ ಹೇಗಿತ್ತು?"

"ನಾನು ನೋಡೋದು ಎದೆ, ಕಾಲು. ಗುರುತಿನ ಕಾರ್ಡು ತಕ್ಕಡೀನೇ ತೋರಿಸಿದ್ರು. ಮುಖದ ಮೇಲೆ ಉಸಿರು ಅಳೆಯೋ ಮಾಸ್ಕ್ ಬೇರೆ. ಹ್ಞಾ, ಗಡ್ಡ ಇತ್ತು. ಕಾರ್ಯಕ್ರಮಕ್ಕೆ ಅಂತ ಬೋಳಿಸ್ಕೊಂಡಿದ್ದಾನೆ ಅಂದ್ಕೊಂಡೆ..." ಅಕ್ಕ ಮಾತು ನಿಲ್ಲಿಸಿ ತಂಗಿಯ ಮುಖ ನೋಡಿದಳು.

* * *

ಮರುದಿನ ಬೆಳಿಗ್ಗೆ ಕ್ಲಬ್ಬಿನ ಸಭಾಂಗಣ ಕಿಕ್ಕಿರಿದಿತ್ತು. ವೇದಿಕೆಯ ಮೇಲೆ ಹೂವಿನ ನಡುವೆ ಚಿಗರೆಯ ಫೋಟೋ. ಒಂದು ಪಕ್ಕ ಮಾಲೀಕರು, ಇನ್ನೊಂದು ಪಕ್ಕ ಚಿಗರೆಯ ಅಣ್ಣ. ಮೈಕು ಹಿಡಿದವನು ತಕ್ಕಡಿ.

"ಡಾಕ್ಟರನ್ನ ಕೆಲಸದಿಂದ ತೆಗೆದಿದ್ದೇವೆ. ಈ ಸಾವಿಗೆ ಅವರೇ ಹೊಣೆ."

ಸೂಜಿ ಎದ್ದು ನಿಂತಳು. "ಒಂದು ಪ್ರಶ್ನೆ. ಮೈದಾನದಲ್ಲಿ ಚಿಗರೆಯ ಅಣ್ಣ 'ಸಾಕು, ಸಾಕು' ಅಂತ ಕೂಗಿದ್ದು ತಮ್ಮ ಬಿದ್ದ ಮೇಲಲ್ಲ, ಬೀಳೋಕೆ ಮುಂಚೆ. ನಾನೇ ಕೇಳಿಸ್ಕೊಂಡೆ. ಎಲ್ಲರೂ 'ಇನ್ನೊಂದು ಸಲ' ಅಂತಿದ್ರು. ಇವರೊಬ್ಬರಿಗೆ ಯಾಕೆ ಸಾಕು ಅನ್ನಿಸ್ತು?"

ಅಣ್ಣ ಕಾಲನ್ನು ಕುರ್ಚಿಯ ಕೆಳಗೆ ಎಳೆದುಕೊಂಡ.

ಬಾಗಿಲಿಂದ ಅಕ್ಕ ಒಳಗೆ ಬಂದಳು, ಜೊತೆಗೆ ಇನ್‌ಸ್ಪೆಕ್ಟರ್. ಯಾರೋ ಕೂಗಾಡಿದರು. ಅವಳು ಕಿವಿಗೆ ಹಾಕಿಕೊಳ್ಳದೆ ವೇದಿಕೆ ಹತ್ತಿ, ಅಣ್ಣನ ಮುಂದೆ ಮಂಡಿಯೂರಿ, ಅವನ ಎಡಗಾಲಿನ ಪ್ಯಾಂಟು ಮೇಲೆ ಸರಿಸಿದಳು. ಮೊಣಕಾಲ ಕೆಳಗೆ ಬೆರಳಾಡಿಸಿದಳು. ಬೆರಳು ಒಂದೇ ಕಡೆ ನಿಂತಿತು.

"ಇದೇ ಕಾಲು," ಎಂದಳು. "ನಾನು ಪರೀಕ್ಷೆ ಮಾಡಿದ್ದು ಇವನನ್ನ."

ಮಾಲೀಕರು ಬಾಯಿ ತೆರೆದವರು ಮುಚ್ಚಲು ಮರೆತರು.

ಎಲ್ಲರಿಗಿಂತ ಮೊದಲು ಬಾಯಿ ಬಿಟ್ಟವನು ತಕ್ಕಡಿ. "ಅಯ್ಯೋ ಪಾಪಿ! ಅಣ್ಣ ತಮ್ಮ ಸೇರಿ ನನಗೇ ಮೋಸ ಮಾಡಿದ್ರಾ? ಇಬ್ಬರೂ ಒಂದೇ ಥರ ಇದ್ದಾರೆ, ನನಗೆ ಹೇಗೆ ಗೊತ್ತಾಗ್ಬೇಕು?"

ಸೂಜಿ ಕಾದಿದ್ದು ಈ ಮಾತಿಗೇ.

"ಮುಖ ಮುಚ್ಚಿಕೊಂಡು ನಡೆದ್ರೂ ಯಾರು ಅಂತ ಹೇಳ್ತೀನಿ ಅಂದ್ರಲ್ಲ ಸಾರ್? ಚಿಗರೆಯ ನಡಿಗೆ ವರ್ಷವಿಡೀ ನೋಡಿದ್ದೀರಿ. ಇವರು ಎಡಗಾಲು ಎಳೀತಾರೆ. ಹಿಂಬಾಗಿಲಿಂದ ನಿಮ್ಮ ಜೊತೆಗೇ ನಡೆದು ಬಂದ್ರು. ಪರೀಕ್ಷೆ ಪೂರ್ತಿ ನೀವು ಪಕ್ಕದಲ್ಲೇ ಇದ್ರಿ. ಗೊತ್ತಾಗ್ಲಿಲ್ವಾ?"

ತಕ್ಕಡಿ ಮೈಕನ್ನು ಮೇಜಿನ ಮೇಲಿಟ್ಟ.

"ನನ್ನ ತಮ್ಮನಿಗೆ ಏನೂ ಗೊತ್ತಿರ್ಲಿಲ್ಲ," ಎಂದ ಅಣ್ಣ. ದನಿ ಎಲ್ಲಿಂದಲೋ ಬಂದಂತಿತ್ತು. "ಹಳೇ ಕ್ಲಬ್ಬಲ್ಲಿ ಅವರ ಡಾಕ್ಟರಿಗೆ ಅನುಮಾನ ಬಂತು. ದೊಡ್ಡ ಆಸ್ಪತ್ರೆಗೆ ತೋರಿಸು, ಅಲ್ಲೀವರೆಗೂ ಓಡಿಸ್ಬೇಡ ಅಂತ ನನ್ನ ಹತ್ರ ಹೇಳಿದ್ರು. ಹುಡುಗ ಹೆದರ್ತಾನೆ ಅಂತ ನಾನು ಅವನಿಗೆ ಹೇಳ್ಲಿಲ್ಲ. ಈ ತಕ್ಕಡಿಯವರಿಗೆ ಹೇಳ್ದೆ. ಮೊದಲು ಅವನನ್ನ ತೋರಿಸೋಣ, ಆಮೇಲೆ ಸಹಿ ಹಾಕೋಣ ಅಂದೆ. ಇವರು, ಈಗ ತೋರಿಸಿದ್ರೆ ಸುದ್ದಿ ಆಗುತ್ತೆ, ಆಮೇಲೆ ಯಾವ ಕ್ಲಬ್ಬೂ ಅವನನ್ನ ಮುಟ್ಟಲ್ಲ, ಕೊಳ್ಳೋ ಗಡುವು ಬೇರೆ ಮುಗೀತಾ ಇದೆ ಅಂದ್ರು. ಪರೀಕ್ಷೆಗೆ ನೀನು ಬಾ, ಸಹಿ ಆದ ಮೇಲೆ ಗುಟ್ಟಾಗಿ ಒಳ್ಳೇ ಆಸ್ಪತ್ರೇಲಿ ತೋರಿಸ್ತೀನಿ, ಅಲ್ಲೀವರೆಗೂ ಅವನು ಓಡೋದೇ ಬೇಡ ಅಂತ ಮಾತು ಕೊಟ್ರು. ಹಳೇ ಪರೀಕ್ಷೆಯೇ ಸಾಕಂತೆ ಅಂತ ನಾನು ತಮ್ಮನಿಗೆ ಸುಳ್ಳು ಹೇಳ್ದೆ. ಕಾರ್ಯಕ್ರಮದಲ್ಲೂ ಬರೀ ಕೈ ಬೀಸೋದು ಅಂದಿದ್ರು."

"ಮತ್ತೆ ಯಾಕೆ ಓಡ್ಸಿದ್ರಿ?" ನಾಯಕ ಹಿಂದಿನಿಂದ ಅರಚಿದ.

ಉತ್ತರ ಕೊಟ್ಟವರು ಇನ್‌ಸ್ಪೆಕ್ಟರ್. "ಅವತ್ತು ತಕ್ಕಡಿ ಪಕ್ಕದಲ್ಲಿ ಒಬ್ಬ ವಿದೇಶಿ ಅತಿಥಿ ಕೂತಿದ್ರಲ್ಲ, ಅವರನ್ನ ಹೋಟೆಲಲ್ಲಿ ಹಿಡಿದು ಕೇಳ್ದೆ. ಬೇರೆ ದೇಶದ ಕ್ಲಬ್ಬಿನವರು. ಚಿಗರೆಯನ್ನ ಅವರಿಗೆ ಮಾರೋ ಮಾತು ಆಗಲೇ ನಡೀತಿತ್ತು. ಓಟ ನೋಡ್ಬೇಕು ಅಂದ್ರಂತೆ. ತಕ್ಕಡಿ ಕೈಸನ್ನೆ ಮಾಡಿ ಓಡ್ಸಿದ್ರಂತೆ."

ಆಸ್ಪತ್ರೆಯೂ ಇಲ್ಲ, ಚಿಕಿತ್ಸೆಯೂ ಇಲ್ಲ. ಕೆಟ್ಟ ಹೃದಯವನ್ನು ಇನ್ನೊಬ್ಬರ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವ ಲೆಕ್ಕ. ಜೀವಂತ ಹುಡುಗನೊಬ್ಬನನ್ನು ಹೀಗೂ ತೂಗಬಹುದೇ? ಇಷ್ಟು ವರ್ಷ ಕೊಳ್ಳುವ ಮಾರುವ ಸುದ್ದಿ ಬರೆದಿದ್ದರೂ ಸೂಜಿಗೆ ಇದು ಹೊಳೆದಿರಲಿಲ್ಲ.

ತಕ್ಕಡಿ ತಲೆ ತಗ್ಗಿಸಿ ಪೊಲೀಸರ ಹಿಂದೆ ನಡೆದ. ಮಾಲೀಕರು ಅಕ್ಕನ ಕಡೆ ಕೈ ಜೋಡಿಸಿದರು. ಅಕ್ಕ ನೋಡಲಿಲ್ಲ. ಅವಳು ಇನ್ನೂ ಅಣ್ಣನ ಮುಂದೆಯೇ ಕುಳಿತಿದ್ದಳು. ಪೊಲೀಸನೊಬ್ಬ ಅವನ ಭುಜ ಮುಟ್ಟಿದ.

ಅವನು ಎದ್ದು ನಿಂತ. ತಮ್ಮನ ಫೋಟೋ ನೋಡಿದ. ಆಮೇಲೆ ಅಂಗೈಯನ್ನು ತನ್ನ ಎದೆಯ ಮೇಲಿಟ್ಟುಕೊಂಡ.

"ಡಾಕ್ಟ್ರೇ, ಅವತ್ತು ನೀವು ಹೇಳಿದ್ರಲ್ಲ, ಇದು ಇನ್ನೂ ಅರವತ್ತು ವರ್ಷ ಓಡುತ್ತೆ ಅಂತ. ಅದು ನಿಜವಾ?"

ಅಕ್ಕ ಅವನ ಎದೆಯ ಮೇಲಿನ ಕೈ ನೋಡಿದಳು. ಸುಳ್ಳು ಹೇಳುವುದು ಅವಳಿಗೆ ಗೊತ್ತಿರಲಿಲ್ಲ.

"ನಿಜ," ಎಂದಳು.

"ಅಷ್ಟು ವರ್ಷ ಇದನ್ನ ಇಟ್ಕೊಂಡು ನಾನು ಏನ್ ಮಾಡ್ಲಿ?"