ಗುಡ್ಡದ ಗುಂಡಿಗೆ ಒಂದು ಟ್ಯಾಂಕು ನೀರು

ಗುಡ್ಡದ ಮೇಲಿನ ಗುಂಡಿಗೆ ನೀರು ಮುಟ್ಟಿಸಬೇಕು. ಕೆಲಸ ಇಷ್ಟೇ. ಹೇಳಲು ಒಂದು ಉಸಿರು ಸಾಕು. ಮಾಡಬೇಕೆಂದರೆ ಗುರುಗ್ರಾಮಕ್ಕೂ ಫರೀದಾಬಾದಿಗೂ ನಡುವೆ ಮಲಗಿರುವ ಅರಾವಳಿಯಲ್ಲಿ, ಜೂನ್ ತಿಂಗಳ ಬಿಸಿಲಲ್ಲಿ, ಪಾಳುಬಿದ್ದ ಕಲ್ಲುಕ್ವಾರಿಯ ಏರುದಾರಿಯನ್ನು ಗಾಡಿ ಹತ್ತಬೇಕಿತ್ತು.

ಕಾಡುಪ್ರಾಣಿಗಳು ಕುಡಿಯುವ ಆ ಗುಂಡಿಗೆ ನೀರೆತ್ತುತ್ತಿದ್ದ ಸೋಲಾರ್ ಪಂಪು ಕೆಟ್ಟು ಕೂತಿತ್ತು. ಅರಣ್ಯ ಇಲಾಖೆಯ ಟ್ಯಾಂಕರ್ ಆ ಕಡಿದಾದ ದಾರಿ ಹತ್ತುವುದಿಲ್ಲ. ಮೇಲೆ ನೀರಿಲ್ಲವೆಂದು ಅಲ್ಲಿನ ಹೆಣ್ಣುಚಿರತೆ ಎರಡು ಮರಿಗಳನ್ನು ಕಟ್ಟಿಕೊಂಡು, ಸಂಜೆಯಾಗುತ್ತಲೇ ಹೆದ್ದಾರಿ ದಾಟಿ ಆಚೆಯ ಚರಂಡಿಗೆ ಬರತೊಡಗಿತ್ತು. ಕಳೆದ ಶನಿವಾರ ಒಂದು ಮರಿ ಯಾವುದೋ ಕಾರಿಗೆ ಸಿಕ್ಕಿತು. ಕಾರಿನವನು ಇಳಿದು, ತನ್ನ ಬಂಪರ್ ತಡವಿ ನೋಡಿ, ಸಮಾಧಾನಪಟ್ಟುಕೊಂಡು ಹೋದನಂತೆ. ಮರಿಯನ್ನು ರಸ್ತೆಯಿಂದ ಎತ್ತಿದವನು ಅರಣ್ಯ ಕಾವಲುಗಾರ ಬಿಜೇಂದರ್. ಜೊತೆಗೆ ಕೈ ಹಾಕಿದವಳು ಜೀವಿತಾ.

ಜೀವಿತಾ ವಾರವಿಡೀ ಕೇಂದ್ರ ಸಚಿವಾಲಯದಲ್ಲಿ ಕಡತ ನೋಡುತ್ತಿದ್ದಳು. ರಜೆಯ ದಿನ ಈ ಕಾಡಿನಲ್ಲಿ ಪ್ರಾಣಿಗಳ ಓಡಾಟ ಸೆರೆಹಿಡಿಯುವ ಕ್ಯಾಮೆರಾ ನೋಡುತ್ತಿದ್ದಳು. ಆ ಮರಿಯ ಭಾರ ಅವಳ ಕೈಯಿಂದ ಇಳಿದಿರಲಿಲ್ಲ. ಉಳಿದದ್ದು ಒಂದೇ ಮರಿ. ಅದು ರಸ್ತೆಗೆ ಇಳಿಯಬಾರದು.

ಗಾಡಿ ಅವಳ ತಂದೆ ಕರುಂಬಯ್ಯನವರದು, ಡೀಸೆಲ್ ಪಿಕಪ್, ನಾಲ್ಕೂ ಚಕ್ರಕ್ಕೆ ಬಲ ಹೋಗುವಂಥದ್ದು. ಅದಕ್ಕೆ ಈ ಚಳಿಗಾಲದಲ್ಲಿ ಹತ್ತು ತುಂಬುತ್ತದೆ. ದಿಲ್ಲಿ ಸೀಮೆಯಲ್ಲಿ ಡೀಸೆಲ್ ಗಾಡಿಗೆ ಹತ್ತು ವರ್ಷವೆಂದರೆ ಪೂರ್ಣಾಯುಷ್ಯ. ಮನುಷ್ಯರಿಗೂ ಇಂಥ ಕಾನೂನು ಇದ್ದಿದ್ದರೆ ಆರ್.ಕೆ.ಪುರಂ ಪಾರ್ಕಿನ ನಗೆಕೂಟದಲ್ಲಿ ನಗಲು ಯಾರೂ ಉಳಿಯುತ್ತಿರಲಿಲ್ಲ ಎನ್ನುತ್ತಿದ್ದರು ಕರುಂಬಯ್ಯ. ಸೇನೆಯಲ್ಲಿ ಲಡಾಖಿನ ಕಣಿವೆಗಳಲ್ಲಿ ಲಾರಿ ಓಡಿಸಿ ಸುಬೇದಾರರಾಗಿ ನಿವೃತ್ತರಾದವರು. ಗಾಡಿಯ ವಿಷಯದಲ್ಲಿ ಅವರ ಮಾತಿಗೆ ಮನೆಯಲ್ಲಿ ಯಾರೂ ಎದುರಾಡುತ್ತಿರಲಿಲ್ಲ. ಮಿಕ್ಕೆಲ್ಲ ವಿಷಯದಲ್ಲಿ ಎದುರಾಡುತ್ತಿದ್ದರು.

ಮೂರನೆಯವನು ಚಿರಂತ್. ಮಯೂರ್ ವಿಹಾರದಲ್ಲಿ ಮನೆ, ಗುರುಗ್ರಾಮದಲ್ಲಿ ಕಚೇರಿ, ದಾವಣಗೆರೆಯಲ್ಲಿ ಮನಸ್ಸು. ಜೀವಿತಾಳ ಹಾಗೆ ಅವನೂ ಈ ಕಾಡಿಗೆ ಸ್ವಯಂಸೇವಕ. ಗಾಡಿಗಳ ಬಗ್ಗೆ ಅವನು ನೋಡದ ವಿಡಿಯೊ ಇರಲಿಲ್ಲ, ಓಡಿಸಿದ ಗಾಡಿಯೂ ಹೆಚ್ಚಿರಲಿಲ್ಲ.

ನೀರು ಹೊತ್ತು ಆ ಏರು ಹತ್ತಲು ಮುದಿ ಗಾಡಿಗೆ ಬಲ ತುಂಬಬೇಕು ಎಂಬುದರಲ್ಲಿ ಮೂವರಿಗೂ ಒಮ್ಮತವಿತ್ತು. ಯಾವ ಬಲ ಎಂಬಲ್ಲಿ ಒಮ್ಮತ ಮುಗಿಯಿತು.

ಕರೋಲ್ ಬಾಗ್‌ನ ಗಾಡಿ ಸಾಮಾನಿನ ಅಂಗಡಿಯ ಮುಂದೆ ನಿಂತು ಕರುಂಬಯ್ಯ ಕಬ್ಬಿಣದ ಬಂಪರನ್ನು ಬೆರಳಿನಿಂದ ತಟ್ಟಿದರು. ಅದರ ಹೊಟ್ಟೆಯಲ್ಲಿ ಗಾಡಿಯನ್ನು ಹಗ್ಗದಿಂದ ಎಳೆಯುವ ವಿಂಚ್ ಇತ್ತು, ಕೆಳಗೆ ತಗಡಿನ ಗುರಾಣಿ.

“ಇದು ಸಾಕು. ಬೇರೇನೂ ಬೇಡ.”

“ಅಂಕಲ್, ಬಂಪರ್ ಗಾಡಿ ಹತ್ತಿಸಲ್ಲ. ಪವರ್ ಹತ್ತಿಸುತ್ತೆ,” ಎಂದ ಚಿರಂತ್. ಅವನ ಕೈಯಲ್ಲಿ ಸೋಪಿನ ಪೆಟ್ಟಿಗೆಯಷ್ಟು ಒಂದು ಡಬ್ಬಿ. “ಇದನ್ನ ಎಂಜಿನ್ ವೈರಿಗೆ ಸಿಕ್ಕಿಸಿದ್ರೆ ಡೀಸೆಲ್ ಜಾಸ್ತಿ ಕುಡಿಯುತ್ತೆ, ಟರ್ಬೊ ಜಾಸ್ತಿ ಊದುತ್ತೆ. ಮುದುಕ ಹುಡುಗ ಆಗ್ತಾನೆ.”

“ಯಾವ ಮುದುಕ?”

“ಗಾಡಿ, ಅಂಕಲ್. ಗಾಡಿ.”

ಜೀವಿತಾಗೆ ಬೇಕಿದ್ದದ್ದು ದೊಡ್ಡ ಹಲ್ಲಿನ ಟೈರು, ಹಿಂದಕ್ಕೆ ಗಟ್ಟಿ ಸ್ಪ್ರಿಂಗು. “ನೆಲ ಹಿಡಿಯದೆ ಇದ್ರೆ ನಿಮ್ಮ ಪವರ್ ತಗೊಂಡು ಏನು ಮಾಡ್ಲಿ?”

ಅಂಗಡಿಯವನು ಮೂವರ ಮಾತಿಗೂ ಒಂದೇ ಶ್ರದ್ಧೆಯಿಂದ ತಲೆದೂಗಿದ. “ಬಿಲ್ಕುಲ್ ಸರ್. ಬಿಲ್ಕುಲ್ ಮೇಡಂ.” ಕೊನೆಗೆ ಮನೆಗಳಲ್ಲಿ ಆಗುವಂತೆಯೇ ಆಯಿತು. ಯಾರ ಮನಸ್ಸೂ ನೋಯಬಾರದೆಂದು ಮೂರನ್ನೂ ಹಾಕಿಸಿದರು. ಎಂಜಿನ್ ತಣಿಸುವ ರೇಡಿಯೇಟರ್ ಬಗ್ಗೆ ಯಾರೂ ಕೇಳಲಿಲ್ಲ. ರೇಡಿಯೇಟರ್ ಬದಲಿಸಿದೆನೆಂದು ಜಗತ್ತಿನಲ್ಲಿ ಯಾರೂ ಫೋಟೊ ತೆಗೆಸಿಕೊಂಡಿಲ್ಲ.

ಬಂಪರ್ ಕೂರಿಸಿದಾಗ ಗಾಡಿಯ ಮೂತಿ ಅರ್ಧ ಮುಚ್ಚಿತು. ಕರುಂಬಯ್ಯ ಬಗ್ಗಿ ನೋಡಿ ಮೆಚ್ಚಿದರು. “ಎಂಜಿನ್ನಿಗೆ ಗಾಳಿ ಹೊಡೆಯೋದು ಕಡಿಮೆ ಆಯ್ತು. ಒಳ್ಳೇದೇ. ಲಡಾಖಲ್ಲಿ ಚಳಿಗೆ ನಾವು ಮೂತಿಗೆ ಕಂಬಳಿ ಕಟ್ಟುತ್ತಿದ್ವಿ.” ಜೀವಿತಾಗೆ ಏನೋ ಸರಿಯಿಲ್ಲ ಎನಿಸಿತು. ಆದರೆ ಹೇಳುತ್ತಿರುವವರು ಅಪ್ಪ, ಮಾತು ಗಾಡಿಯದು. ಸುಮ್ಮನಾದಳು.

ಭಾನುವಾರ ಬೆಳಿಗ್ಗೆ ಗೇಟಿನಲ್ಲಿ ಬಿಜೇಂದರ್ ಸರಪಳಿ ತೆಗೆದ. ಒಳಗೆ ಸತ್ತ ಬಣ್ಣದ ಕಾಡು. ಜಾಲಿಯ ಮುಳ್ಳು, ಎಲೆ ಕಳಚಿ ಬೂದಿ ಬಳಿದುಕೊಂಡಂತೆ ನಿಂತ ಮರಗಳು, ಒಡೆದ ಕಲ್ಲಿನ ರಾಶಿಗಳು. ಕ್ವಾರಿ ನಿಂತು ವರ್ಷಗಳಾಗಿದ್ದರೂ ಗುಡ್ಡದ ಗಾಯ ಮಾದಿರಲಿಲ್ಲ. ಕೆಂಪಗೆ ಬಾಯಿ ತೆರೆದುಕೊಂಡೇ ಇತ್ತು. ದೂರದಲ್ಲಿ, ಹಳದಿ ಧೂಳಿನಾಚೆ, ಗುರುಗ್ರಾಮದ ಗಾಜಿನ ಗೋಪುರಗಳು ಯಾರೋ ಅರೆಬರೆ ಒರೆಸಿಬಿಟ್ಟ ಚಿತ್ರದಂತೆ ಕಾಣುತ್ತಿದ್ದವು. ಒಂದು ಹಕ್ಕಿಯೂ ಕೂಗಲಿಲ್ಲ. ಲೂ ಎಂಬ ಬೇಸಿಗೆಯ ಬಿಸಿಗಾಳಿ ಮಾತ್ರ ಒಲೆಯ ಬಾಯಿಂದ ಬಂದಂತೆ ಬೀಸುತ್ತಿತ್ತು.

ಜೀವಿತಾ ಸ್ಟೀರಿಂಗ್ ಹಿಡಿದಳು. ಪಕ್ಕದಲ್ಲಿ ಅಪ್ಪ, ಹಿಂದಿನ ಸೀಟಿನಲ್ಲಿ ಚಿರಂತ್. ಗಾಡಿಯ ಬೆನ್ನ ಮೇಲೆ ಕಪ್ಪು ಟ್ಯಾಂಕು, ತುಂಬಿ ತುಳುಕುವ ನೀರು.

ಮೊದಲ ತಿರುವನ್ನು ಗಾಡಿ ಗೂಳಿಯಂತೆ ಹತ್ತಿತು. “ನೋಡಿದ್ರಾ?” ಎಂದ ಚಿರಂತ್.

ಎರಡನೆಯ ತಿರುವಿನಲ್ಲಿ ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಮೇಲೇಳತೊಡಗಿತು. ಎಡಕ್ಕೆ ಕ್ವಾರಿಯ ಒಣ ಹೊಂಡ, ಮನೆಗಳನ್ನು ನುಂಗುವಷ್ಟು ಆಳ. ಬಲಕ್ಕೆ ಗುಡ್ಡದ ಗೋಡೆ.

“ಅಪ್ಪ, ಮುಳ್ಳು ಕೆಂಪಿಗೆ ಬಂತು.”

“ನಿಲ್ಲಿಸಬೇಡ. ಹೋಗು.”

“ಅಪ್ಪ, ಹೊಗೆ.”

ಬಾನೆಟ್ಟಿನ ಅಂಚುಗಳಿಂದ ಬಿಳಿ ಹಬೆ ಬುಸುಗುಟ್ಟಿತು. ಎದುರು ಏನೂ ಕಾಣದಾಯಿತು. ಅವಳು ಬ್ರೇಕ್ ತುಳಿದಳು. ಟ್ಯಾಂಕಿನ ನೀರು ಹಿಂದಕ್ಕೆ ತೂಗಿತು. ಗಾಡಿ ಜಾರಿತು.

“ಕಲ್ಲು!” ಎಂದು ಕೂಗಿದರು ಕರುಂಬಯ್ಯ.

ಚಿರಂತ್ ಹಾರಿ ಇಳಿದ. ಸಿಕ್ಕ ಬಂಡೆಯನ್ನು ಹಿಂದಿನ ಚಕ್ರಕ್ಕೆ ಒತ್ತಿದ. ಗಾಡಿ ಅದನ್ನು ಏರಲು ನೋಡಿ, ನಡುಗಿ, ನಿಂತಿತು.

ರೇಡಿಯೇಟರ್ ಆರುವವರೆಗೆ ಮೂವರೂ ಗುಡ್ಡದ ತೆಳು ನೆರಳಿಗೆ ಒತ್ತಿಕೊಂಡು ಕೂತರು. ಆಮೇಲೆ ಕರುಂಬಯ್ಯ ಬಟ್ಟೆ ಸುತ್ತಿ ಮುಚ್ಚಳ ಬಿಚ್ಚಿದರು. ಒಳಗೆ ಬರಿದು. ಟ್ಯಾಂಕಿನ ನಲ್ಲಿ ತಿರುಗಿಸಿ, ಚಿರತೆಯ ನೀರನ್ನು ಡಬ್ಬದಲ್ಲಿ ಹಿಡಿದು ಗಾಡಿಗೆ ಕುಡಿಸಿದರು. ಯಾರೂ ಯಾರ ಮುಖ ನೋಡಲಿಲ್ಲ.

“ವಿಂಚಿನಲ್ಲಿ ಎಳೆಸೋಣ,” ಎಂದರು ಕರುಂಬಯ್ಯ. “ಎಂಜಿನ್ನಿಗೆ ದುಡಿತ ಇರಲ್ಲ.”

ಮೇಲಿನ ಜಾಲಿಮರಕ್ಕೆ ಹಗ್ಗ ಬಿಗಿದರು. ಜೀವಿತಾ ಮತ್ತೆ ಒಳಗೆ ಕೂತಳು. ವಿಂಚ್ ಗೊಣಗಿತು. ಗಾಡಿ ಒಂದು ಮಾರು ಮೇಲೆ ಬಂತು, ಇನ್ನೊಂದು ಮಾರು. ಆಗ ಮರವೇ ಕೆಳಗೆ ಬರತೊಡಗಿತು. ಸಡಿಲ ಮಣ್ಣಿನಿಂದ ಬೇರುಸಮೇತ ಕಿತ್ತುಕೊಂಡು ಉರುಳಿತು.

ಗಾಡಿ ಹಿಮ್ಮುಖವಾಗಿ ಓಡಿತು. ಜೀವಿತಾ ಸ್ಟೀರಿಂಗನ್ನು ಗುಡ್ಡದ ಕಡೆ ತಿರುಚಿದಳು. ಹಿಂಭಾಗ ಗೋಡೆಗೆ ಉಜ್ಜಿ ಕಿರುಚಿತು. ಮುಂದಿನ ಎಡಚಕ್ರ ಹೊಂಡದ ಅಂಚಿಗೆ ಬಂದು ನಿಂತಿತು. ಒಂದು ಕಲ್ಲು ಕೆಳಗೆ ಬಿತ್ತು. ಬಿದ್ದ ಸದ್ದು ಕೇಳಲು ಕಾಯಬೇಕಾಯಿತು.

ಅವಳು ಇಳಿದಳು. ಅಪ್ಪ ಬಂದು ಅವಳ ಭುಜ ಹಿಡಿದು ನಿಂತರು.

“ವಾಪಸ್ ಹೋಗೋಣ ಮಗಳೇ.”

“ಹೋದ್ರೆ ಸಂಜೆ ಅದು ರಸ್ತೆಗೆ ಬರುತ್ತೆ.”

ಕರುಂಬಯ್ಯ ಗಾಡಿಯ ಮುಚ್ಚಿದ ಮೂತಿಯನ್ನು ನೋಡಿದರು. “ಕಂಬಳಿ ಕಟ್ಟಿಬಿಟ್ಟೆ ನಾನು,” ಎಂದರು ಮೆಲ್ಲಗೆ. “ಜೂನ್ ತಿಂಗಳಲ್ಲಿ.” ಚಕ್ರಗಳಿಗೆಲ್ಲ ಮತ್ತೆ ಕಲ್ಲು ಒತ್ತಿದರು. ಸ್ಪ್ಯಾನರ್ ಚೀಲ ತಂದು ನೆಲದ ಮೇಲೆ ಮಲಗಿದರು. ಬಂಪರ್, ವಿಂಚ್, ಗುರಾಣಿ ಒಂದೊಂದಾಗಿ ಕಳಚಿ, ದಾರಿಯ ಬದಿಗೆ ಹೆಣದಂತೆ ಮಲಗಿದವು.

ಚಿರಂತ್ ಹೇಳಿಸಿಕೊಳ್ಳಲಿಲ್ಲ. ಡಬ್ಬಿ ಕಿತ್ತು ಜೇಬಿಗೆ ಹಾಕಿಕೊಂಡ.

“ಹುಡುಗ ಮತ್ತೆ ಮುದುಕ ಆದನಾ?” ಕೆಳಗಿನಿಂದ ಕರುಂಬಯ್ಯನವರ ದನಿ ಬಂತು.

“ಮುದುಕರೇ ವಾಸಿ, ಅಂಕಲ್.”

ಜೀವಿತಾಳ ಸರದಿ. ಟೈರು ಬಿಚ್ಚಿ ಎಸೆಯುವಂತಿರಲಿಲ್ಲ. ಆ ದೊಡ್ಡ ಟೈರುಗಳಿಂದಲೇ ಗೇರು ಭಾರವಾಗಿ ಎಂಜಿನ್ ಏದುಸಿರು ಬಿಟ್ಟಿತ್ತು ಎಂಬುದು ಈಗ ಅವಳಿಗೆ ಹೊಳೆದಿತ್ತು. ನೆಲವನ್ನಾದರೂ ಹಿಡಿಯಲೆಂದು ಗಾಳಿ ಇಳಿಸಿ ಟೈರನ್ನು ಮೆತ್ತಗೆ ಮಾಡಿದಳು. ಆದರೂ ಈ ಭಾರ ಈ ಏರು ಹತ್ತದು. ಹಗುರ ಮಾಡಲು ಉಳಿದದ್ದು ಒಂದೇ. ಅವಳು ಟ್ಯಾಂಕಿನ ಹತ್ತಿರ ಹೋದಳು. ನಲ್ಲಿಯ ಮೇಲೆ ಕೈಯಿಟ್ಟು ನಿಂತಳು. ತಿರುಗಿಸಿದಳು.

ನೀರು ಕಾದ ಕಲ್ಲಿನ ಮೇಲೆ ಬಿದ್ದು, ಕೆಂಪಾಗಿ, ದಾರಿಯಂಚು ದಾಟಿ, ಹೊಂಡದ ಗೋಡೆಯ ಮೇಲೆ ಒಂದು ಕಪ್ಪು ಗೆರೆಯಾಗಿ ಇಳಿಯಿತು. ತಳ ಮುಟ್ಟುವ ಮೊದಲೇ ಗೆರೆ ಒಣಗಿತು. ಅಷ್ಟರಲ್ಲಿ ಎಲ್ಲಿದ್ದವೋ, ಜೇನುಹುಳುಗಳು ಬಂದು ಒದ್ದೆ ಕಲ್ಲಿಗೆ ಮುತ್ತಿದವು. ಟ್ಯಾಂಕು ಅರ್ಧವಾಗುತ್ತಲೇ ಅವಳು ನಲ್ಲಿ ಮುಚ್ಚಿದಳು.

“ಕೂತ್ಕೊಳ್ಳಿ. ಹೋಗೋಣ.”

“ನಾವು ನಡೀತೀವಿ,” ಎಂದರು ಅಪ್ಪ. “ನಾವೂ ಭಾರವೇ.”

ಗಾಡಿ ಏರಿತು. ಗೂಳಿಯಂತಲ್ಲ, ಮೊಣಕಾಲು ಹಿಡಿದುಕೊಂಡು ದೇವಸ್ಥಾನದ ಮೆಟ್ಟಿಲು ಹತ್ತುವ ಅಜ್ಜಿಯಂತೆ. ಎರಡೂ ಬದಿ ಇಬ್ಬರು ಕಲ್ಲು ಹಿಡಿದು ನಡೆದರು. ಅದು ಉಸಿರುಗಟ್ಟಿದಲ್ಲೆಲ್ಲ ಚಕ್ರಕ್ಕೆ ಕಲ್ಲು ಕೊಟ್ಟು ಕಾದರು. ಮುಳ್ಳು ಕೆಂಪಿನ ಅಂಚಿಗೆ ಬಂದು, ಯೋಚಿಸಿ, ಹಿಂದೆ ಸರಿಯಿತು.

ಮೇಲಿನ ಗುಂಡಿಯಲ್ಲಿ ಬಿರುಕುಬಿಟ್ಟ ಕೆಸರು, ಅದರಲ್ಲಿ ಒಣಗಿದ ಹೆಜ್ಜೆಗಳು. ದೊಡ್ಡದೊಂದು, ಪಕ್ಕದಲ್ಲಿ ಎರಡು ಸಣ್ಣವು. ಪೈಪು ಹಾಕಿದಾಗ ಕೆಸರು ಮೊದಲು ಹೀರಿತು, ಆಮೇಲೆ ನೀರು ನಿಂತಿತು. ಹೆಜ್ಜೆಗಳೆಲ್ಲ ಮುಳುಗಿದವು. ನೀರು ಪಾದ ಮುಳುಗುವಷ್ಟು ಆಯಿತು, ಅದಕ್ಕಿಂತ ಹೆಚ್ಚಲ್ಲ. ಹೊಸ ಪಂಪು ಬರುವವರೆಗೆ, ಪ್ರಾಣಿಗಳು ಜಿಪುಣರಾದರೆ, ಸಾಕಾಗಬಹುದು.

ಇಳಿಯುವಾಗ ಬದಿಗೆ ಬಿದ್ದ ಕಬ್ಬಿಣವನ್ನು ಹೊತ್ತು ತಂದರು. ಗೇಟಿನಲ್ಲಿ ಬಿಜೇಂದರ್ ಮೂತಿಯಿಲ್ಲದ ಗಾಡಿಯನ್ನು ನೋಡಿ, ಎಷ್ಟು ನೀರು ಮುಟ್ಟಿತೆಂದು ಕೇಳಿದ, “ಕಿತ್ನಾ ಪಹುಂಚಾ?”

“ಆಧಾ,” ಎಂದಳು ಜೀವಿತಾ.

“ಆಧಾ ತೋ ಬಹುತ್ ಹೈ, ಮೇಡಂ.” ಅರ್ಧವೇ ಬಹಳ ಎಂಬುದು ಅವನ ಲೆಕ್ಕ.

ಸಂಜೆ ಮೂವರೂ ಹೆದ್ದಾರಿಯ ಅಂಚಿನಲ್ಲಿ, ಹಿಂದಿನ ವಾರ ಮರಿ ಬಿದ್ದಿದ್ದ ಜಾಗದಲ್ಲಿ, ಗಾಡಿ ನಿಲ್ಲಿಸಿ ಕೂತರು. ಕಾರುಗಳು ಸಾಲಾಗಿ ಹಾದುಹೋದವು. ಯಾರೋ ಹಾರ್ನ್ ಬಾರಿಸಿ ಬೈದರು. ಬೆಳಕು ಕಂದಿತು. ಪೊದೆಗಳ ಕಡೆ ನೋಡಿ ನೋಡಿ ಜೀವಿತಾಳ ಕಣ್ಣು ಉರಿಯಿತು.

“ಈ ಹೊತ್ತಿಗೇ ಅಲ್ವಾ ಬರ್ತಿದ್ದದ್ದು?” ಎಂದ ಚಿರಂತ್.

“ಈ ಹೊತ್ತಿಗೇ.”

ಪೊದೆ ಅಲುಗಿತು. ಗಾಳಿ. ಮತ್ತೆ ಅಲುಗಿತು. ಮತ್ತೆ ಗಾಳಿಯೇ. ಬೀದಿದೀಪಗಳು ಒಂದೊಂದಾಗಿ ಹತ್ತಿಕೊಂಡವು. ಇನ್ನೂ ಸ್ವಲ್ಪ ಹೊತ್ತು ಇರೋಣವೆಂದಳು ಜೀವಿತಾ. ಇದ್ದರು.

ಆ ಸಂಜೆ ರಸ್ತೆಗೆ ಯಾರೂ ಇಳಿದು ಬರಲಿಲ್ಲ.