ಎರಡನೇ ಸೂಜಿ

ಬೆಳಿಗ್ಗೆ ಮಗಳು ಷೆಡ್ಡಿನ ಬಾಗಿಲು ತೆಗೆದಾಗ ಅಪ್ಪ ನೀರಿನಲ್ಲಿ ಬೋರಲಾಗಿದ್ದ. ಮೀನು ಮರಿ ಮಾಡಿಸುವ ದುಂಡನೆಯ ಸಿಮೆಂಟ್ ತೊಟ್ಟಿ. ನೀರು ಸುತ್ತುತ್ತಿತ್ತು. ಅದರ ಜೊತೆ ಅಪ್ಪನೂ. ಹಿಂತಲೆ ಒಡೆದಿತ್ತು. ಕೂದಲಲ್ಲಿ, ಅಂಗಿಯ ಜೇಬಲ್ಲಿ, ಎಲ್ಲೆಲ್ಲೂ ಮೀನಿನ ಮೊಟ್ಟೆ.

ಕೂಗುತ್ತಾ ಮನೆಯ ಕಡೆ ಓಡಿದಳು.

ಮಧ್ಯಾಹ್ನದೊಳಗೆ ಪೊಲೀಸರು ಕಾವಲುಗಾರನನ್ನು ಹಿಡಿದರು. ಕೆಲಸದ ಹೊತ್ತಿನಲ್ಲೇ ನಿದ್ದೆ ಹೊಡೆಯುವ ಅವನಿಗೆ ಎಲ್ಲರೂ ಇಟ್ಟ ಹೆಸರು ಗೊರಕೆ. ಹಿಂದಿನ ದಿನ ತಾನೆ ಅಪ್ಪ ಅವನನ್ನು ಬೈದು ಕೆಲಸ ಬಿಡಿಸಿದ್ದ.

"ನಾನಲ್ಲ ಸಾರ್, ನಾನು ಮಲಗಿದ್ದೆ!"

"ಅದನ್ನ ಮಾತ್ರ ಊರೆಲ್ಲ ಒಪ್ಪುತ್ತೆ. ನಡಿ," ಎಂದ ಪೇದೆ.

ಇನ್‌ಸ್ಪೆಕ್ಟರ್ ಹೆಂಗಸು. ಮಗಳನ್ನು ಪಕ್ಕಕ್ಕೆ ಕರೆದಳು.

"ಸತ್ತಿದ್ದು ನಿನ್ನೆ ಸಂಜೆ ಅಂತಾರೆ ಡಾಕ್ಟರು. ನೀನು ಕೊನೆಗೆ ನೋಡಿದ್ದು?"

"ಆವಾಗಲೇ ಮೇಡಂ. ಹೆಣ್ಣು ಮೀನಿಗೆ ಮೊಟ್ಟೆ ಇಡಿಸೋ ಮೊದಲನೇ ಸೂಜಿ ಹಾಕಿ ಮುಗಿಸಿದ್ರು. ಸೂಜಿ ದಿನ ಅಪ್ಪ ಇಲ್ಲೇ ಮಲಗ್ತಾರೆ. ಅದಕ್ಕೆ ಯಾರೂ ಹುಡುಕಲಿಲ್ಲ."

ಅಪ್ಪನ ಜೊತೆ ಮೀನು ಸಾಕುವ ಚಿಕ್ಕಪ್ಪ ಹಿಂದೆಯೇ ಬಂದು ಅವಳ ತಲೆ ಸವರಿದ. "ನಾನಾದ್ರೂ ಇರಬೇಕಿತ್ತು. ಬಲೆ ತರೋಕೆ ಪೇಟೆಗೆ ಹೋದೆ, ಕೊನೇ ಬಸ್ ತಪ್ಪಿತು. ಬಸ್ ಸ್ಟ್ಯಾಂಡಲ್ಲೇ ಬಿದ್ದಿದ್ದೆ."

* * *

ಹೆಣ ಸಾಗಿಸಿದ ಮೇಲೆ ಮಗಳು ತೊಟ್ಟಿಯ ಹತ್ತಿರ ಬಂದಳು. ಅಪ್ಪ ಸತ್ತರೂ ಮೊಟ್ಟೆ ಕಾಯುವುದಿಲ್ಲ. ಬೇರೆ ತೊಟ್ಟಿಗೆ ಹಾಕಲು ಜಾಲರಿಯಲ್ಲಿ ಎತ್ತಿದವಳು ಹಾಗೇ ನಿಂತಳು.

ಒಂದೇ ಸೂಜಿಗೆ ಮೀನು ಮೊಟ್ಟೆ ಇಡುವುದಿಲ್ಲ.

ಇನ್ನೂ ಊರು ಬಿಡದ ಇನ್‌ಸ್ಪೆಕ್ಟರಿಗೆ ಫೋನು ಮಾಡಿ ಪಿಸುಗುಟ್ಟಿದಳು: "ಬೇಗ ಬನ್ನಿ ಮೇಡಂ." ಆಮೇಲೆ ಒಂದು ಗಂಡು ಗೆಂಡೆ ಮೀನು ಹಿಡಿದು ರೆಕ್ಕೆ ಎತ್ತಿದಳು. ಬುಡದಲ್ಲಿ ಕೆಂಪು ಚುಕ್ಕಿ.

ಹಿಂದೆ ಬಾಗಿಲು ಮುಚ್ಚಿತು.

"ಗಂಡು ಮೀನು ಯಾಕೆ ಹಿಡಿದೆ ಮಗಳೇ?"

ಮೀನು ಕೈಯಿಂದ ಜಾರಿತು. "ಗಾಯ ಆಗಿತ್ತು ಚಿಕ್ಕಪ್ಪ."

"ಫೋನಲ್ಲಿ ಯಾರು?"

"ಅಮ್ಮ."

"ಅಮ್ಮ ಹೊರಗೇ ಕೂತಿದ್ದಾಳಲ್ಲ."

ಅವನು ಒಂದು ಹೆಜ್ಜೆ ಇಟ್ಟ. ಅವಳ ಬೆನ್ನು ತೊಟ್ಟಿಯ ಅಂಚಿಗೆ ತಗುಲಿತು. ಇನ್ನೊಂದು ಹೆಜ್ಜೆ. ಅಷ್ಟರಲ್ಲಿ ಬಾಗಿಲು ದಡಾರನೆ ತೆರೆಯಿತು. ಇನ್‌ಸ್ಪೆಕ್ಟರ್, ಹಿಂದೆ ಪೇದೆ.

"ಹೇಳಮ್ಮ. ಹೆದರಬೇಡ."

ಹೆದರದೆ ಹೇಳಲು ಆಗಲಿಲ್ಲ. ಹಲ್ಲು ಕಟಕಟ ಅನ್ನುತ್ತಲೇ ಹೇಳಿದಳು.

"ಮೊದಲನೇ ಸೂಜಿ ಕಡಿಮೆ ಹಾರ್ಮೋನು. ಮೊಟ್ಟೆ ಬಲಿಯುತ್ತೆ ಅಷ್ಟೆ. ಎಷ್ಟೋ ಹೊತ್ತಾದ ಮೇಲೆ ಎರಡನೇದು ಹಾಕಿದ್ರೇ ಹೊರಗೆ ಬರೋದು. ಗಂಡಿಗೆ ಹಾಕೋದೂ ಆವಾಗಲೇ. ಗಂಡಿನ ಮೈಮೇಲೆ ಸೂಜಿ ಗುರುತಿದೆ ಮೇಡಂ. ಸಂಜೆ ಸತ್ತ ಅಪ್ಪ ಅದನ್ನ ಹೇಗೆ ಹಾಕ್ತಾರೆ? ಗೊರಕೆಗೆ ಗಂಡು ಯಾವುದು ಹೆಣ್ಣು ಯಾವುದು ಅಂತಲೇ ಗೊತ್ತಿಲ್ಲ. ಈ ಕೆಲಸ ಬರೋದು ಮೂರೇ ಜನಕ್ಕೆ. ಅಪ್ಪ, ನಾನು..."

ಮೂರನೆಯವನ ಕಡೆ ನೋಡಲು ಅವಳಿಗೆ ಧೈರ್ಯ ಬರಲಿಲ್ಲ.

ಚಿಕ್ಕಪ್ಪ ಅಲ್ಲಗಳೆಯಲಿಲ್ಲ.

"ಇದೊಂದು ಸಲ ಆದ ಮೇಲೆ ತೊಟ್ಟಿ ಮುಚ್ಚಿಸ್ತೀನಿ ಅಂದ ಅಣ್ಣ. ಈ ಮೀನನ್ನೆಲ್ಲ ಮಾರ್ಕೆಟ್ಟಲ್ಲಿ ತೂಗಿ ಮಾರ್ತೀನಿ ಅಂದ. ಬೆರಳುದ್ದ ಇದ್ದಾಗಿಂದ ಸಾಕಿದವನು ನಾನು. ತಳ್ಳಿದೆ. ಅಂಚಿಗೆ ತಲೆ ಬಡೀತು, ನೀರಿಗೆ ಬಿದ್ದ."

"ಓಡಿ ಹೋಗೋದು ಬಿಟ್ಟು ಹೆಣದ ಪಕ್ಕದಲ್ಲೇ ಮೀನು ಹಿಡಿದು ಸೂಜಿ ಹಾಕಿದ್ಯಾ?"

"ಹೊರಟಿದ್ದೆ ಮೇಡಂ. ಅರ್ಧ ದಾರಿಯಿಂದ ವಾಪಸ್ ಬಂದೆ. ಎರಡನೇದು ಹಾಕದಿದ್ರೆ ಮೊಟ್ಟೆ ಹೊಟ್ಟೇಲೇ ಕಟ್ಟಿಕೊಂಡು ಹೆಣ್ಣು ಮೀನು ಸಾಯ್ತಿದ್ವು. ಅಣ್ಣ ಸುತ್ತುತ್ತಾ ಹತ್ತಿರ ಬಂದಾಗಲೆಲ್ಲ ಕೋಲಲ್ಲಿ ಆಚೆ ನೂಕ್ತಿದ್ದೆ."

ಪೇದೆ ಬೇಡಿ ಹಾಕಿದ.

ಬಾಗಿಲಲ್ಲಿ ಚಿಕ್ಕಪ್ಪ ತಿರುಗಿದ. ಅವಳಿಗೆ ಈಜು ಕಲಿಸುವಾಗ ಇದ್ದ ಅದೇ ಮೆತ್ತನೆಯ ದನಿ.

"ಮೊಟ್ಟೆ ಬೇಗ ಆಚೆ ತೊಟ್ಟಿಗೆ ಹಾಕು ಮಗಳೇ. ಇಲ್ಲೇ ಬಿಟ್ರೆ ದೊಡ್ಡವೇ ತಿಂದುಬಿಡ್ತವೆ."