‘ಕೇ’ ಅಕ್ಷರಕ್ಕೆ ಕೊಂಬು ಬಂದ ಕತೆ

ಬಹಳ ಹಿಂದೆ ಮಸಿಪುರವೆಂಬ ರಾಜ್ಯವಿತ್ತು. ಅಲ್ಲಿನ ಮಸಿಯಲ್ಲಿ ಬರೆದದ್ದೆಲ್ಲ ನಿಜವಾಗುತ್ತಿತ್ತು. ತಪ್ಪಾದರೆ ಸೂರ್ಯ ಮುಳುಗುವುದರೊಳಗೆ ತಿದ್ದಬೇಕು. ಆಮೇಲೆ ಬ್ರಹ್ಮ ಬಂದರೂ ಆಗದು.

ಅರಮನೆಯಲ್ಲಿ ಮೂವತ್ತು ವರ್ಷದಿಂದ ಕೇತಯ್ಯ ಬರೆಯುತ್ತಿದ್ದ. ಮುತ್ತು ಪೋಣಿಸಿದಂಥ ಅಕ್ಷರ. ಒಂದು ದಿನವೂ ಒಬ್ಬರೂ ಹೊಗಳಿರಲಿಲ್ಲ, ಪಾಪ. ಅಷ್ಟರಲ್ಲಿ ನಾಗಲೆ ಎಂಬ ಹುಡುಗಿ ಕೆಲಸಕ್ಕೆ ಬಂದಳು. ಅವಳ ಅಕ್ಷರದ ತಲೆಕಟ್ಟಿನಿಂದ ಬಳ್ಳಿ ಹೊರಡುತ್ತಿತ್ತು, ಒತ್ತಕ್ಷರಕ್ಕೆ ನವಿಲಿನ ಬಾಲ!

ಕೋಟೆ ಬಾಗಿಲಿಗೆ ‘ಸುಸ್ವಾಗತ’ ಬರೆದಳು. ಕಲ್ಲಿನಲ್ಲಿ ಮಲ್ಲಿಗೆ ಅರಳಿತು. ರಾಜ “ಭಲೇ!” ಎಂದ. ಕೇತಯ್ಯನ ಹೊಟ್ಟೆ ಉರಿಯಿತು. ರಾಜಕುಮಾರಿಯ ಲಗ್ನಪತ್ರಿಕೆಗೆ ತಲೆಬರಹ ಬರೆದಳು. ಪತ್ರಿಕೆಗಳು ತಾವೇ ಹಾರಿ ನೆಂಟರ ಮನೆ ಸೇರಿದವು. ರಾಜ “ಭಲೇ ಭಲೇ!” ಎಂದ. ಕೇತಯ್ಯನಿಗೆ ಅನ್ನವೇ ಸೇರಲಿಲ್ಲ.

ಅಂಥ ಬರವಣಿಗೆ ನಾಲ್ಕು ಅಕ್ಷರಕ್ಕೆ ಚೆಂದ, ಸಾಲುಗಟ್ಟಲೆ ಬರೆದರೆ ತೊಡರಿಕೊಳ್ಳುತ್ತದೆ. ಅದು ಕೇತಯ್ಯನಿಗೆ ಚೆನ್ನಾಗಿ ಗೊತ್ತು. ಹೊಗಳಿಯೇ ಕೆಡವೋಣವೆಂದು ರಾಜನಿಗೆ ಕೈಮುಗಿದ.

“ಮಹಾಪ್ರಭು, ಅರಮನೆಯವರ ಹೆಸರಿನ ಪಟ್ಟಿಯನ್ನೂ ಇವಳೇ ಬರೆಯಲಿ. ಇಂಥ ಕೈ ಸುಮ್ಮನಿರಬಾರದು.”

ಪೆದ್ದ! ಅದರಲ್ಲಿ ತನ್ನ ಹೆಸರೂ ಇರುತ್ತದೆಂದು ಹೊಳೆಯಲೇ ಇಲ್ಲ.

ನಾಗಲೆ ಬರೆದಳು. ಮೇಲಿನ ಸಾಲಿನ ಬಾಲವೊಂದು ಜಾರಿ, ಕೆಳಗಿನ ‘ಕೇ’ಗೆ ಕೊಂಬಾಗಿ ಅಂಟಿಕೊಂಡಿತು. ಕೇತಯ್ಯ ‘ಕೋತಯ್ಯ’ ಆಗಿಬಿಟ್ಟ! ಮರುಗಳಿಗೆಯೇ ಅವನಿಗೆ ಬಾಲ ಬಂತು, ಮೈತುಂಬ ರೋಮ ಬಂತು, ಬೆರಳು ಡೊಂಕಾಯಿತು. ಸೂರ್ಯ ಆಗಲೇ ಕೆಂಪಾಗಿದ್ದ.

“ಅಯ್ಯಯ್ಯೋ, ತಿದ್ದೇ ತಾಯಿ! ನನ್ನ ಬೆರಳಲ್ಲಿ ಲೇಖನಿ ನಿಲ್ಲುತ್ತಿಲ್ಲ!”

“ನನಗೆ ಸಾದಾ ಬರೆಯೋಕೆ ಬರಲ್ಲ ಅಯ್ಯ!” ನಾಗಲೆ ಅಳುತ್ತಲೇ ಒರೆಸಿ ಬರೆದಳು. ಬಳ್ಳಿ ಹೊರಟಿತು. ಮತ್ತೆ ಒರೆಸಿ ಬರೆದಳು. ನವಿಲು ಬಂತು.

“ಇಲ್ಲಿಗೆ ನಿಲ್ಲಿಸು. ಕೈ ಎತ್ತು. ಎತ್ತೇ!” ಕೇತಯ್ಯ ಡೊಂಕು ಬೆರಳಲ್ಲೇ ತೋರಿಸಿದ.

ಮೂರನೇ ಸಲ ಕೈ ಎತ್ತಿದಳು. ಬೋಳು ‘ಕೇ’ ನೆಟ್ಟಗೆ ಕೂತಿತು. ಕೇತಯ್ಯನ ಬಾಲ ಉದುರಿತು, ಸೂರ್ಯ ಮುಳುಗಿದ.

ಕೇತಯ್ಯ ಅವಳಿಗೆ ಕೈಮುಗಿದ. “ಹೊಟ್ಟೆಕಿಚ್ಚಿಗೆ ನಾನೇ ಈ ಪಟ್ಟಿ ನಿನ್ನ ತಲೆಗೆ ಕಟ್ಟಿದ್ದು ಕಣಮ್ಮ.”

“ನನಗೇನು ಹೊಟ್ಟೆಕಿಚ್ಚು ಕಡಿಮೆಯಿತ್ತಾ?” ನಾಗಲೆ ಕಣ್ಣೊರೆಸಿಕೊಂಡಳು. “ನನ್ನದನ್ನ ಜನ ಬರೀ ನೋಡ್ತಾರೆ, ನಿಮ್ಮದನ್ನ ಓದ್ತಾರೆ. ನಿಮ್ಮ ಹಳೇ ಓಲೆ ಕದ್ದೊಯ್ದು, ನೋಡ್ಕೊಂಡು ದಿನಾ ಅಕ್ಷರ ತಿದ್ದಿದೆ. ಒಂದಕ್ಷರ ಬರಲಿಲ್ಲ. ಎಷ್ಟು ಹೊಟ್ಟೆ ಉರ್ಕೊಂಡೆ ಗೊತ್ತಾ?”

ತನ್ನ ಅಕ್ಷರಕ್ಕೂ ಹೊಟ್ಟೆ ಉರಿಸಿಕೊಳ್ಳುವವರಿದ್ದಾರೆ! ಕೇತಯ್ಯನಿಗಾದ ಸಂತೋಷ ಹೇಳತೀರದು.

ಅಂದಿನಿಂದ ತಲೆಬರಹವೆಲ್ಲ ಅವಳದು, ಕೆಳಗಿನ ಸಾಲುಗಳೆಲ್ಲ ಅವನದು. ಮಸಿಪುರದವರು ನೋಡಿಯೂ ಓದಿಯೂ ಸುಖವಾಗಿ ಬಾಳಿದರು.